ಹೋಲಿಸಿ ನೋಡೋ ಹಕ್ಕು ನಮಗೂ ಇದೆ



ನಮ್ಮ ಧರ್ಮಪುರದ ಕಡೆಯಿಂದ ಎಂ.ಎ. ಓದೋಕೆ ಹೋಗೋ ಹುಡುಗ ಹುಡುಗಿಯರು ತೌಲನಿಕ ಸಾಹಿತ್ಯ ಅಂದ್ರೆ ಹಿಂದೆ ಸರೀತಾರೆ. ಅದಕ್ಕೆ ಇಂಗ್ಲಿಷ್ ಬೇಕು, ಸಂಸ್ಕೃತ ಬೇಕು, ನಮ್ಮಂಥವರಿಗಲ್ಲ ಅಂತಾರೆ. ಅವರಿಗಾಗಿ ಈ ಚರಿತ್ರೆ.

ಭಾರತದಲ್ಲಿ ಈ ವಿಷಯಕ್ಕೆ ಮೊದಲ ವಿಭಾಗ ಶುರುವಾಗಿದ್ದು 1956ರಲ್ಲಿ, ಕಲ್ಕತ್ತೆಯ ಜಾದವಪುರ ವಿಶ್ವವಿದ್ಯಾಲಯದಲ್ಲಿ. ಕಟ್ಟಿದವರು ಕವಿ ಬುದ್ಧದೇವ ಬೋಸ್. ಆದರೆ ಅದಕ್ಕೂ 15 ವರ್ಷ ಮೊದಲೇ, 1941ರಲ್ಲಿ, ತೆಲುಗಿನ ದಲಿತ ಕವಿ ಗುರ್ರಂ ಜಾಷುವಾ 'ಗಬ್ಬಿಲಂ' ಬರೆದಿದ್ದರು. ಗಬ್ಬಿಲಂ ಅಂದ್ರೆ ಬಾವಲಿ. ಕಾಳಿದಾಸನ ಮೇಘದೂತದಲ್ಲಿ ಯಕ್ಷ ತನ್ನ ಹೆಂಡತಿಗೆ ಮೋಡದ ಕೈಲಿ ಸುದ್ದಿ ಕಳಿಸ್ತಾನೆ. ಜಾಷುವಾ ಕಾವ್ಯದಲ್ಲಿ ಅಸ್ಪೃಶ್ಯನೊಬ್ಬ ಕಾಶಿಯ ಶಿವನಿಗೆ ಬಾವಲಿ ಕೈಲಿ ತನ್ನ ಗೋಳು ಹೇಳಿ ಕಳಿಸ್ತಾನೆ. ಯಾಕೆ ಬಾವಲಿ? ಗುಡಿಯೊಳಗೆ ಅವನನ್ನ ಬಿಡಲ್ಲ, ಬಾವಲಿಯನ್ನ ಯಾರೂ ತಡೆಯಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡಿ. ವಿರಹ ಇದ್ದ ಜಾಗದಲ್ಲಿ ಜಾತಿಯ ಪ್ರಶ್ನೆ ಬಂದು ಕೂತಿದೆ.

ಬಾಬಾಸಾಹೇಬರು ಮಾಡಿದ್ದೂ ಹೋಲಿಕೆಯನ್ನೇ. 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಲ್ಲಿನ ಕಪ್ಪುಜನರ ಸ್ಥಿತಿಗೂ ಇಲ್ಲಿನ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆ ಇದೆ ಅಂದರು. 1972ರಲ್ಲಿ ಮುಂಬೈನ ಯುವ ಬರಹಗಾರರು ಬ್ಲ್ಯಾಕ್ ಪ್ಯಾಂಥರ್ ಹೆಸರನ್ನೇ ಮಾದರಿ ಮಾಡ್ಕೊಂಡು ದಲಿತ ಪ್ಯಾಂಥರ್ ಕಟ್ಟಿದರು.

ಮರುವರ್ಷ ಮೈಸೂರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅದೂ ತೌಲನಿಕ ಪ್ರಶ್ನೆಯೇ. ಯಾವುದರ ಪಕ್ಕ ಇಟ್ಟು ನೋಡಿದರೆ ನಮ್ಮ ಸಾಹಿತ್ಯದಲ್ಲಿ ಏನು ಕಮ್ಮಿ ಇದೆ ಅಂತ ಕೂತು ಚರ್ಚೆ ಮಾಡಬಹುದಿತ್ತು. ಮಾಡಲಿಲ್ಲ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಆಯ್ತು, ಬಸವಲಿಂಗಪ್ಪನವರ ಮಂತ್ರಿ ಸ್ಥಾನ ಹೋಯ್ತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅಲ್ಲೀವರೆಗೆ ಕನ್ನಡ ಕಾವ್ಯದಲ್ಲಿ ಏನು ಇರಲಿಲ್ಲ ಅನ್ನೋದು ಆಗ ಎಲ್ಲರಿಗೂ ಗೊತ್ತಾಯ್ತು.

ಯಾವ ಕೃತಿಯ ಪಕ್ಕ ಯಾವ ಕೃತಿ ಇಡಬೇಕು ಅಂತ ತೀರ್ಮಾನ ಮಾಡೋನ ಕೈಲಿ ಅಧಿಕಾರ ಇರುತ್ತೆ. ಅರಿಸ್ಟಾಟಲ್ ಪಕ್ಕ ಭರತಮುನಿಯನ್ನ ಇಟ್ಟು ಪಾಠ ಮಾಡೋರು ಬೇಕಾದಷ್ಟು ಜನ ಇದ್ದಾರೆ, ಮಾಡಲಿ. ಜಾಷುವಾ ಪಕ್ಕ ಸಿದ್ಧಲಿಂಗಯ್ಯನವರನ್ನ ಇಡೋರು ಯಾರು?

ನಮ್ಮದು ಆಂಧ್ರದ ಗಡಿ. ತೆಲುಗು ಕಿವಿಗೆ ಬೀಳದ ದಿನ ಇಲ್ಲ, ಶಾಲೆಯಲ್ಲಿ ಕಲಿತದ್ದು ಕನ್ನಡ. ಬೇರೆಯವರು ವರ್ಷಗಟ್ಟಲೆ ಕೂತು ಕಲಿಯೋ ಎರಡನೇ ಭಾಷೆ ನಮ್ಮ ಮಕ್ಕಳಿಗೆ ಸಂತೆಯಲ್ಲೇ ಸಿಕ್ಕಿದೆ. ಲಿಪಿ ಕಲಿಯೋದು ಕಷ್ಟ ಅಲ್ಲ. ಇಂಗ್ಲಿಷೂ ಕಲೀರಿ, ಅದೂ ನಮ್ಮದೇ. ಸಂಶೋಧನೆಗೆ ಯಾವ ವಿಷಯ ಅಂತ ಮೇಷ್ಟ್ರು ಕೇಳಿದಾಗ 'ನೀವೇ ಕೊಡಿ ಸಾರ್' ಅನ್ಬೇಡಿ. ಗಬ್ಬಿಲಂ ಮತ್ತು ಹೊಲೆಮಾದಿಗರ ಹಾಡು ಅಂತ ಬರೆದುಕೊಡಿ.