ಕಲ್ಯಾಣದ ಡಾಕ್ಟರಮ್ಮ, ಎದೆರೋಗದ ಡಾಕ್ಟರು

ನಾವು ದಿನವೂ ಲೋಕಲ್ ಬದಲಿಸುವ ಕಲ್ಯಾಣ, ಡಾ. ಆನಂದಿಬಾಯಿ ಜೋಶಿಯವರ ತವರೂರು. 1865ರಲ್ಲಿ ಹುಟ್ಟಿದ ಯಮುನಾ, ಒಂಬತ್ತನೆಯ ವಯಸ್ಸಿಗೆ ಅಂಚೆ ಇಲಾಖೆಯ ಗೋಪಾಲರಾವ್ ಜೋಶಿಯವರ ಕೈಹಿಡಿದು ಆನಂದಿಯಾದರು. ಹದಿನಾಲ್ಕಕ್ಕೆ ತಾಯಿ, ಮಗು ಹತ್ತೇ ದಿನ ಬದುಕಿತು. ಹೆಂಗಸರನ್ನು ನೋಡಲು ಹೆಣ್ಣು ಡಾಕ್ಟರ್ ಇರಬೇಕೆಂಬ ಹಟ ಅಲ್ಲಿಂದ ಬೆಳೆಯಿತು. ಗೋಪಾಲರಾಯರು ಹೆಂಡತಿಯನ್ನು ಓದಿಸಿದ್ದು ನಿಜ, ಓದಿಗಾಗಿ ಹೊಡೆದದ್ದೂ ನಿಜ. ಎರಡನೆಯದನ್ನು ನಾವು ಸಲೀಸಾಗಿ ಮರೆಯುತ್ತೇವೆ.

1883ರ ಏಪ್ರಿಲ್‌ನಲ್ಲಿ ಗಂಡನಿಲ್ಲದೆ ಕಲ್ಕತ್ತೆಯಿಂದ ಹಡಗು ಹತ್ತಿದರು. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು, ಒಗ್ಗದ ಚಳಿ, ಒಗ್ಗದ ಊಟ, ಬಿಡದ ಕಾಯಿಲೆ. ಹಿಂದೂಗಳ ಹೆರಿಗೆ ಶಾಸ್ತ್ರದ ಮೇಲೆ ಪ್ರಬಂಧ ಬರೆದು 1886ರ ಮಾರ್ಚ್‌ನಲ್ಲಿ ಪದವಿ ಪಡೆದರು. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಾರ್ಡು ಅವರಿಗಾಗಿ ಕಾದಿತ್ತು. ಆದರೆ 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಕ್ಷಯ ಅವರನ್ನು ಒಯ್ದಿತು. ಇಪ್ಪತ್ತೆರಡು ತುಂಬಲು ಒಂದು ತಿಂಗಳಿತ್ತು.

ಅವರು ಹಡಗು ಹತ್ತುವ ಒಂದು ವರ್ಷ ಮೊದಲೇ, 1882ರ ಮಾರ್ಚ್ 24ರಂದು, ಬರ್ಲಿನ್ನಿನಲ್ಲಿ ರಾಬರ್ಟ್ ಕೋಖ್ ಕ್ಷಯದ ರೋಗಾಣುವನ್ನು ತೋರಿಸಿಯಾಗಿತ್ತು. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ ಬಗ್ ಸಿಕ್ಕಿತ್ತು, ಪ್ಯಾಚ್ ಬರಲು ಅರವತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ಎದೆರೋಗದ ಡಾಕ್ಟರೆಂದರೆ ಸ್ಯಾನಿಟೋರಿಯಂ ಡಾಕ್ಟರು. ಒಳ್ಳೆಯ ಗಾಳಿ, ಹಾಲು, ವಿಶ್ರಾಂತಿಯೇ ಅವರ ಔಷಧಿ. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರು. ಅರಮನೆಯನ್ನೂ ಈ ರೋಗ ಬಿಟ್ಟಿರಲಿಲ್ಲ.

1943ರಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಜಿಡ್ ಬಂದವು. ನನ್ನ ಲೆಕ್ಕಕ್ಕೆ ಇವಕ್ಕಿಂತ ದೊಡ್ಡದು 1956ರಲ್ಲಿ ಮದರಾಸಿನಲ್ಲಿ ಶುರುವಾದ ಪ್ರಯೋಗ. ಮನೆಯಲ್ಲೇ ಇದ್ದು ಔಷಧಿ ತೆಗೆದುಕೊಂಡವರೂ ಸ್ಯಾನಿಟೋರಿಯಂ ಸೇರಿದವರಷ್ಟೇ ಚೆನ್ನಾಗಿ ಗುಣವಾದರು. ವರ್ಷಗಟ್ಟಲೆ ಮಕ್ಕಳನ್ನು ಬಿಟ್ಟಿರಬೇಕಾಗಿದ್ದ ತಾಯಂದಿರಿಗೆ ಇದು ಏನೆಂದು ಯೋಚಿಸಿ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೂ ಹುಟ್ಟಿತು.

ಇಂದು ಶ್ವಾಸಕೋಶ ತಜ್ಞೆಯಾಗಲು ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು, ಎಂಡಿ ಮೂರು; ಬೇಕೆಂದರೆ ಡಿಎಂ ಮತ್ತೆ ಮೂರು. ಬ್ರಾಂಕೋಸ್ಕೋಪಿ, ಅಸ್ತಮಾ, ನಿದ್ರೆಯಲ್ಲಿ ಉಸಿರುಗಟ್ಟುವ ಕಾಯಿಲೆ ಎಲ್ಲವೂ ಅವರ ಪಾಲಿಗೆ. ಸಾಮಾನ್ಯ ಟಿಬಿಗೆ ಆರು ತಿಂಗಳ ಮಾತ್ರೆ, ಸರಕಾರಿ ಕೇಂದ್ರಗಳಲ್ಲಿ ಉಚಿತ. ಆದರೂ ಮದುವೆಗೆ ಬಂದ ಹುಡುಗಿಯ ಟಿಬಿಯನ್ನು ಸಂಬಂಧ ತಪ್ಪೀತೆಂದು ಮುಚ್ಚಿಡುವ ಮನೆಗಳು ನಮ್ಮ ಠಾಣೆ, ಡೊಂಬಿವಲಿಯಲ್ಲೂ ಇವೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು ಎಂಬುದಷ್ಟನ್ನು ಅವರಿಗೆ ನಾವೇ ಹೇಳಬಹುದು.