ಬಂಡೆಯೊಳಗೆ ಇನ್ನೆಷ್ಟು ಉಳಿದಿದೆ?

ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯಲ್ಲೇ ಇರುವ ಗೆಳೆಯ ರಾತ್ರಿ ಊಟವಾದ ಮೇಲೆ ಗಣಿ ಕೆಲಸಕ್ಕೆ ಹೋಗುತ್ತಾನೆ. ಹೋಗುವುದೆಂದರೆ ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂರುವುದು. ಅವನು ಆಡುವ ಆಟದ ಹೆಸರು ‘ಈವ್ ಆನ್‌ಲೈನ್’. ಪರದೆಯ ತುಂಬ ಕಪ್ಪು ಆಕಾಶ, ಅದರಲ್ಲಿ ತೇಲುವ ಕ್ಷುದ್ರಗ್ರಹಗಳು, ಅವುಗಳಿಗೆ ಲೇಸರ್ ಹಿಡಿದು ನಿಂತ ಅವನ ಹಡಗು. ಹಗಲೆಲ್ಲ ಕೋಲಾರದ ಚಿನ್ನದ ಗಣಿಗಳ ಹಳೆಯ ಕಾಗದಪತ್ರ ಓದಿ ಬರುವ ನನಗೆ ಅವನ ಆಟ ಮೊದಮೊದಲು ತಮಾಷೆಯಾಗಿ ಕಾಣುತ್ತಿತ್ತು.

ಒಂದು ರಾತ್ರಿ ಅವನು ಹಡಗಿಗೆ ಯಾವ ಉಪಕರಣ ಜೋಡಿಸಬೇಕೆಂದು ಅರ್ಧ ಗಂಟೆ ತಲೆ ಕೆಡಿಸಿಕೊಂಡು ಕೂತಿದ್ದ. ಅಗೆಯಲು ಬೇಕಾದ ಲೇಸರ್ ಆಗಲೇ ಇತ್ತು. ಪ್ರಶ್ನೆ ಇದ್ದದ್ದು ಸ್ಕ್ಯಾನರ್‌ನದು. “ಅಗೆಯೋಕೆ ಲೇಸರ್ ಇದೆಯಲ್ಲೋ, ನೋಡೋಕೆ ಇನ್ನೊಂದು ಯಂತ್ರ ಯಾಕೆ?” ಎಂದೆ. “ಬಂಡೆ ಖಾಲಿಯಾಗೋದು ಯಾವಾಗ ಅಂತ ನಿಂಗೆ ಹೇಗೆ ಗೊತ್ತಾಗುತ್ತೆ ಹೇಳು?” ಎಂದು ಅವನು ತಿರುಗಿ ಕೇಳಿದ. ಗಣಿಗಾರಿಕೆಯ ಚರಿತ್ರೆ ಓದುವವನಾಗಿ ನನ್ನ ಬಳಿ ಉತ್ತರವಿರಬೇಕಿತ್ತು, ಇರಲಿಲ್ಲ. ಈ ಆಟಗಳಲ್ಲಿ ಸ್ಕ್ಯಾನರ್ ಎಂಬ ವಸ್ತು ಹೇಗೆ ಬೆಳೆಯಿತು, ಅದರಿಂದ ನಿಜಕ್ಕೂ ಏನು ಉಪಯೋಗ ಎಂದು ಹುಡುಕಲು ಶುರುಮಾಡಿದ್ದು ಆಮೇಲೆ.

ಕತೆ 1984ರಿಂದ ಶುರುವಾಗುತ್ತದೆ. ಕೇಂಬ್ರಿಜ್‌ನ ವಿದ್ಯಾರ್ಥಿಗಳಾಗಿದ್ದ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಆ ವರ್ಷ ಬಿಬಿಸಿ ಮೈಕ್ರೋ ಕಂಪ್ಯೂಟರಿಗಾಗಿ ‘ಎಲೀಟ್’ ಎಂಬ ಆಟ ಹೊರತಂದರು. ವ್ಯಾಪಾರ ಮಾಡುತ್ತ, ಕಳ್ಳರಿಂದ ತಪ್ಪಿಸಿಕೊಳ್ಳುತ್ತ ಒಂದು ಗ್ರಹದಿಂದ ಇನ್ನೊಂದಕ್ಕೆ ಹೋಗುವ ಆಟ ಅದು. ದುಡ್ಡಿದ್ದವರು ಗಣಿ ಲೇಸರ್ ಕೊಂಡು, ಕ್ಷುದ್ರಗ್ರಹ ಒಡೆದು, ಚೂರುಗಳನ್ನು ಹಡಗಿನೊಳಕ್ಕೆ ಬಾಚಿಕೊಳ್ಳಬಹುದಿತ್ತು. ಪರದೆಯ ಕೆಳಭಾಗದಲ್ಲಿ ಮೊಟ್ಟೆಯಾಕಾರದ ಒಂದು ಸ್ಕ್ಯಾನರ್ ಇತ್ತು. ಸುತ್ತಲಿನ ವಸ್ತುಗಳು ಹಿಂದಿವೆಯೋ ಮುಂದಿವೆಯೋ, ಮೇಲಿವೆಯೋ ಕೆಳಗಿವೆಯೋ ಎಂಬುದನ್ನು ಅದು ತೋರಿಸುತ್ತಿತ್ತು. ಬಂಡೆ ಎಲ್ಲಿದೆ ಎಂದು ಹೇಳುತ್ತಿತ್ತೇ ಹೊರತು ಅದರೊಳಗೆ ಏನಿದೆ, ಎಷ್ಟಿದೆ ಎಂದು ಹೇಳುತ್ತಿರಲಿಲ್ಲ. ಆಡುವವನು ಒಬ್ಬನೇ, ಎದುರಾಳಿ ಕಂಪ್ಯೂಟರು. ಒಂದು ಬಂಡೆಯ ಮುಂದೆ ಎರಡು ನಿಮಿಷ ಹೆಚ್ಚು ನಿಂತರೆ ಯಾರಿಗೂ ನಷ್ಟವಿಲ್ಲ.

ಆ ಎರಡು ನಿಮಿಷಕ್ಕೆ ಬೆಲೆ ಬಂದದ್ದು 2003ರಲ್ಲಿ. ಐಸ್‌ಲ್ಯಾಂಡಿನ ರೇಕ್ಯಾವಿಕ್ ನಗರದ ಸಿಸಿಪಿ ಕಂಪನಿ ಆ ವರ್ಷದ ಮೇ 6ರಂದು ‘ಈವ್ ಆನ್‌ಲೈನ್’ ಬಿಡುಗಡೆ ಮಾಡಿತು. ಇದರಲ್ಲಿ ಸಾವಿರಾರು ಜನ ಒಂದೇ ಆಕಾಶದಲ್ಲಿ, ಒಂದೇ ಮಾರುಕಟ್ಟೆಯಲ್ಲಿ ಆಡುತ್ತಾರೆ. ಹಡಗುಗಳಲ್ಲಿ ಹೆಚ್ಚಿನವನ್ನು ಕಟ್ಟುವವರು ಆಟಗಾರರೇ. ಕಟ್ಟಲು ಬೇಕಾದ ಖನಿಜವನ್ನು ಯಾರೋ ಒಬ್ಬ ಆಟಗಾರ ಅಗೆದು ತಂದಿರುತ್ತಾನೆ, ಬೆಲೆ ನಿಗದಿಯಾಗುವುದು ಆಟಗಾರರ ಚೌಕಾಶಿಯಲ್ಲಿ. ಯುದ್ಧದಲ್ಲಿ ಹಡಗು ಸಿಡಿದರೆ ಹೋದದ್ದು ಹೋಯಿತು. ಹಾಗಾಗಿ ಅಗೆಯುವವನ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬಂತು.

ಅಲ್ಲಿಯ ‘ಸರ್ವೇ ಸ್ಕ್ಯಾನರ್’ ಉತ್ತರಿಸುವ ಪ್ರಶ್ನೆ ಒಂದೇ: ಈ ಬಂಡೆಯಲ್ಲಿ ಇನ್ನೆಷ್ಟು ಅದಿರಿದೆ? ಗುಂಡಿ ಒತ್ತಿದರೆ ಹತ್ತಿರದ ಕ್ಷುದ್ರಗ್ರಹಗಳ ಪಟ್ಟಿ ತೆರೆದುಕೊಂಡು, ಪ್ರತಿಯೊಂದರ ಮುಂದೆ ಉಳಿದ ಅದಿರಿನ ಅಂಕಿ ಬರುತ್ತದೆ. ಇದರಿಂದೇನು ಲಾಭ ಎಂದು ತಿಳಿಯಲು ಲೇಸರಿನ ಸ್ವಭಾವ ಗೊತ್ತಿರಬೇಕು. ಅದು ಅದಿರನ್ನು ನಲ್ಲಿ ನೀರಿನಂತೆ ಒಂದೇ ಸಮನೆ ಸುರಿಸುವುದಿಲ್ಲ. ಸುತ್ತು ಮುಗಿದಾಗ ಒಟ್ಟಿಗೆ ತಂದು ಹಾಕುತ್ತದೆ. ಆಟಗಾರರು ಬಹುಕಾಲ ಬಳಸಿದ ‘ಸ್ಟ್ರಿಪ್ ಮೈನರ್’ನ ಒಂದು ಸುತ್ತು ಆಗ 180 ಸೆಕೆಂಡಿನದಾಗಿತ್ತು. ಆಟಗಾರನ ಪರಿಣತಿಯಿಂದ ಬರುವ ಹೆಚ್ಚುವರಿ ಬಿಟ್ಟರೆ ಒಂದು ಸುತ್ತಿಗೆ 540 ಘನ ಮೀಟರ್ ಅದಿರು ಬರುತ್ತಿತ್ತು. ಎಲ್ಲಕ್ಕಿಂತ ಸಾಮಾನ್ಯವಾದ ‘ವೆಲ್ಡ್‌ಸ್ಪಾರ್’ ಅದಿರಿನಲ್ಲಿ ಅದು 5400 ತುಣುಕುಗಳಿಗೆ ಸಮ.

ಬಂಡೆಯಲ್ಲಿ ಉಳಿದಿರುವುದು 1350 ತುಣುಕು ಎಂದಿಟ್ಟುಕೊಳ್ಳಿ. ಅಷ್ಟಕ್ಕೆ 45 ಸೆಕೆಂಡು ಸಾಕು. ಸ್ಕ್ಯಾನರ್ ಇಲ್ಲದವನಿಗೆ ಇದು ತಿಳಿಯುವುದಿಲ್ಲ. ಅವನ ಲೇಸರ್ ಪೂರ್ತಿ 180 ಸೆಕೆಂಡು ಉರಿದು ಅದೇ 1350 ತುಣುಕು ತಂದುಕೊಡುತ್ತದೆ. 135 ಸೆಕೆಂಡು ಗಾಳಿಪಾಲು. ಒಂದೇ ಬಂಡೆಗೆ ಎರಡು ಲೇಸರ್ ಹಿಡಿದವನ ಪಾಡು ಇನ್ನೂ ಕಷ್ಟ. ಮೊದಲನೆಯದು ಇದ್ದದ್ದನ್ನೆಲ್ಲ ಬಾಚಿಕೊಂಡರೆ ಎರಡನೆಯದು ಬರಿಗೈಯಲ್ಲಿ ನಿಲ್ಲುತ್ತದೆ. ಸ್ಕ್ಯಾನರ್ ಇದ್ದವನು ಮನಸ್ಸಿನಲ್ಲೇ ಭಾಗಾಕಾರ ಮಾಡಿ, 45ನೇ ಸೆಕೆಂಡಿಗೆ ಲೇಸರ್ ನಿಲ್ಲಿಸುತ್ತಾನೆ. ಅಷ್ಟು ಹೊತ್ತಿನ ಅದಿರು ಅವನಿಗೆ ಸಿಗುತ್ತದೆ, ಮುಂದಿನ ಬಂಡೆಗೆ ಹೋಗುತ್ತಾನೆ. ಸ್ಕ್ಯಾನರ್ ಒಂದು ಚೂರು ಅದಿರನ್ನೂ ಹೆಚ್ಚಿಸಲಿಲ್ಲ, ಉಳಿಸಿದ್ದು ಸಮಯವನ್ನು.

ಹಾಗಿದ್ದರೆ ಎಲ್ಲರೂ ಸ್ಕ್ಯಾನರ್ ಹಾಕಿಕೊಳ್ಳಬೇಕಲ್ಲ? ಹಾಕಿಕೊಳ್ಳಲಿಲ್ಲ. ಕಾರಣ ಎರಡು. ಮೊದಲನೆಯದು ಗಮನದ್ದು. ಅನೇಕರಿಗೆ ಗಣಿ ಕೆಲಸ ಇಷ್ಟವಾಗುವುದೇ ಅದನ್ನು ಅರ್ಧ ಕಣ್ಣಿನಲ್ಲಿ ಮಾಡಬಹುದು ಎಂಬ ಕಾರಣಕ್ಕೆ. ಲೇಸರ್ ಹಚ್ಚಿಟ್ಟು ಅನ್ನಕ್ಕೆ ಇಡುತ್ತಾರೆ, ಪರೀಕ್ಷೆಗೆ ಓದುತ್ತಾರೆ. ಸ್ಕ್ಯಾನರಿನ ಅಂಕಿ ಉಪಯೋಗಕ್ಕೆ ಬರುವುದು ಅದನ್ನು ನೋಡುತ್ತ ಕೂತವನಿಗೆ ಮಾತ್ರ. ನೋಡದವನ ಹಡಗಿನಲ್ಲಿ ಅದು ಬರೀ ಭಾರ.

ಎರಡನೆಯ ಕಾರಣ ಗಂಭೀರವಾದದ್ದು. ಹಡಗಿನಲ್ಲಿ ಉಪಕರಣಗಳಿಗೆ ಜಾಗ ಕಡಿಮೆ. ಸ್ಕ್ಯಾನರ್ ಕೂರುವುದು ಹಡಗಿನ ರಕ್ಷಾಕವಚವನ್ನು ಬಲಪಡಿಸುವ ಸಾಧನ ಕೂರಬಹುದಾದ ಜಾಗದಲ್ಲೇ. ಒಂದನ್ನು ಹಾಕಿದರೆ ಇನ್ನೊಂದಕ್ಕೆ ಎಡೆ ಕಡಿಮೆ. ಅರಿವು ಬೇಕೋ ರಕ್ಷಣೆ ಬೇಕೋ ಎಂದು ಪ್ರತಿ ಗಣಿಗಾರನೂ ಹೊರಡುವ ಮುಂಚೆ ತೀರ್ಮಾನಿಸಬೇಕು.

ಈ ತೀರ್ಮಾನ ಎಷ್ಟು ದುಬಾರಿ ಎಂಬುದು 2009ರಿಂದ ಶುರುವಾದ ‘ಹಲ್ಕಗೆಡ್ಡನ್’ ಎಂಬ ಬೇಟೆಗಳಲ್ಲಿ ಗೊತ್ತಾಯಿತು. ‘ಹಲ್ಕ್’ ಎಂಬುದು ದುಬಾರಿ ಗಣಿ ಹಡಗಿನ ಹೆಸರು. ಸುರಕ್ಷಿತವೆನ್ನುವ ಪ್ರದೇಶಗಳಲ್ಲೇ ಇಂಥ ಹಡಗುಗಳನ್ನು ಹುಡುಕಿ ಹುಡುಕಿ ಸಿಡಿಸುವ ಸ್ಪರ್ಧೆಯನ್ನು ಆಟಗಾರರೇ ಏರ್ಪಡಿಸಿದರು. ಬೇಟೆಗಾರರ ಕೈಯಲ್ಲೂ ಒಂದು ಸ್ಕ್ಯಾನರ್ ಇರುತ್ತಿತ್ತು. ಆದರೆ ಅದು ಬಂಡೆಯನ್ನು ನೋಡುವುದಲ್ಲ, ಹಡಗನ್ನು ನೋಡುವುದು. ಎದುರಿನವನು ಏನೇನು ಜೋಡಿಸಿಕೊಂಡಿದ್ದಾನೆ, ಅವನ ಕವಚ ಎಷ್ಟು ಗಟ್ಟಿ ಎಂದು ಅದರಿಂದ ತಿಳಿಯುತ್ತದೆ. ಬಂಡೆಯಲ್ಲಿ ಎಷ್ಟಿದೆ ಎಂದು ಗಣಿಗಾರ ಎಣಿಸುತ್ತಿದ್ದರೆ, ಗಣಿಗಾರನಲ್ಲಿ ಎಷ್ಟಿದೆ ಎಂದು ಇನ್ನೊಬ್ಬ ಎಣಿಸುತ್ತಿದ್ದ. 2012ರಲ್ಲಿ ಕಂಪನಿ ಗಣಿ ಹಡಗುಗಳನ್ನೆಲ್ಲ ಹೊಸದಾಗಿ ರೂಪಿಸಿತು: ಒಂದು ಬಗೆ ಗಟ್ಟಿ, ಒಂದು ಬಗೆಗೆ ದೊಡ್ಡ ಉಗ್ರಾಣ, ಒಂದು ಬಗೆ ಹೆಚ್ಚು ಅಗೆಯುತ್ತದೆ. ಮೂರೂ ಒಂದರಲ್ಲೇ ಬೇಕೆಂದರೆ ಸಿಗುವುದಿಲ್ಲ.

ಬ್ರೇಬೆನ್ ತಂಡ 2014ರಲ್ಲಿ ‘ಎಲೀಟ್ ಡೇಂಜರಸ್’ ತಂದಾಗ ಸ್ಕ್ಯಾನರಿನ ಪ್ರಶ್ನೆ ಬದಲಾಗಿತ್ತು. ಮುಂದಿನ ವರ್ಷ ಅದರಲ್ಲಿ ಬಂಡೆಗೆ ಹೋಗಿ ಅಂಟಿಕೊಳ್ಳುವ ಪುಟ್ಟ ಡ್ರೋನ್ ಬಂತು. ಯಾವ ಖನಿಜ ಶೇಕಡಾ ಎಷ್ಟಿದೆ ಎಂದು ಅದು ತಿಳಿಸುತ್ತಿತ್ತು. 2018ರ ಡಿಸೆಂಬರ್‌ನಲ್ಲಿ ಇನ್ನೊಂದು ಹೆಜ್ಜೆ: ಗ್ರಹದ ಬಳೆಗಳಲ್ಲಿ ಖನಿಜ ದಟ್ಟವಾಗಿರುವ ತಾಣ ತೋರಿಸುವ ಶೋಧಕಗಳು, ಬೆಲೆಬಾಳುವ ಬಂಡೆಗಳನ್ನು ಹೊಳೆಯುವಂತೆ ಮಾಡುವ ‘ಪಲ್ಸ್ ವೇವ್ ಅನಲೈಸರ್’. ಹೊಟ್ಟೆಯಲ್ಲಿ ಹರಳಿರುವ ಬಂಡೆಯನ್ನು ಸಾವಿರ ಬಂಡೆಗಳ ನಡುವೆ ಗುರುತಿಸಿ, ಬಿರುಕುಗಳಿಗೆ ಸಿಡಿಮದ್ದಿಟ್ಟು ಒಡೆಯುವ ಕೆಲಸ ಅದು. ಇಲ್ಲಿ ಸ್ಕ್ಯಾನರ್ ಬರೀ ಸಮಯ ಉಳಿಸುವ ಸಾಧನವಲ್ಲ. ಅದಿಲ್ಲದೆ ಹೋದರೆ ಕುರುಡನ ಹುಡುಕಾಟ. ಎಲ್ಲಿ, ಎಷ್ಟು, ಏನು, ಎಷ್ಟು ಆಳದಲ್ಲಿ ಎಂದು ಮೂವತ್ತೈದು ವರ್ಷಗಳಲ್ಲಿ ಪ್ರಶ್ನೆ ಹಂತಹಂತವಾಗಿ ಬಂಡೆಯೊಳಕ್ಕೆ ಇಳಿದಿದೆ.

ನಿಜವಾದ ಕ್ಷುದ್ರಗ್ರಹ ಇಷ್ಟು ಸುಲಭವಾಗಿ ಗುಟ್ಟು ಬಿಡುವುದಿಲ್ಲ. ನಾಸಾದ ಒಸಿರಿಸ್-ರೆಕ್ಸ್ ನೌಕೆ 2018ರಲ್ಲಿ ಬೆನ್ನು ಎಂಬ ಕ್ಷುದ್ರಗ್ರಹ ತಲುಪಿದಾಗ, ಭೂಮಿಯಿಂದ ನೋಡಿ ಊಹಿಸಿದ್ದ ನುಣುಪು ನೆಲದ ಬದಲು ಎಲ್ಲೆಲ್ಲೂ ಬಂಡೆಗಳಿದ್ದವು. 2020ರಲ್ಲಿ ಮಾದರಿ ತೆಗೆಯಲು ಕೈ ಚಾಚಿದರೆ ನೆಲ ಸಡಿಲವಾಗಿ ಕುಸಿದು ಒಳಕ್ಕೆ ಬಿಟ್ಟುಕೊಂಡಿತು. ಕೊನೆಗೆ 2023ರಲ್ಲಿ ಭೂಮಿಗೆ ಬಂದದ್ದು 121.6 ಗ್ರಾಂ. ಆಟದ ಸ್ಕ್ಯಾನರ್ ಎಂದೂ ತಪ್ಪು ಹೇಳುವುದಿಲ್ಲ. ಆಟಕ್ಕೂ ಗಣಿಗೂ ಇರುವ ದೊಡ್ಡ ಅಂತರ ಇದೇ ಎಂದು ನನಗನ್ನಿಸುತ್ತದೆ.

ಇದನ್ನು ಬರೆಯುವಾಗ ನನ್ನ ಕಾಗದಪತ್ರಗಳು ಬೇರೆಯಾಗಿ ಕಾಣತೊಡಗಿದವು. 1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಬಳಿ ಯಾವ ಯಂತ್ರವೂ ಇರಲಿಲ್ಲ. ಮಣ್ಣಿನಲ್ಲಿ ಚಿನ್ನವಿದೆಯೆಂಬ ಮಾತು ಕೇಳಿ, ತೋರಿಸಿದವರಿಗೆ ಬಹುಮಾನ ಕೊಡುವೆನೆಂದ. ಉರಿಗಾಂ ಕಡೆಯ ಹಳ್ಳಿಯವರು ಮಣ್ಣು ತಂದು ತೊಳೆದು ಚಿನ್ನದ ಕಣ ತೋರಿಸಿದರು. ಅಂದರೆ ಕೋಲಾರದ ಮೊದಲ ಸ್ಕ್ಯಾನರ್ ಅಲ್ಲಿಯ ಜನರ ಕೈ ಮತ್ತು ಕಣ್ಣು. ವಾರನ್ ಬರೆದಿಟ್ಟದ್ದನ್ನು ದಶಕಗಳ ನಂತರ ಓದಿದ ಮೈಕೆಲ್ ಲೆವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿ ಅನುಮತಿ ಪಡೆದ. ಆಮೇಲೆ ಕಂಪನಿಗಳು ಬಂದವು, 2001ರಲ್ಲಿ ಗಣಿ ಮುಚ್ಚಿತು. ವಾರನ್ ಹೆಸರು ಪುಸ್ತಕಗಳಲ್ಲಿದೆ. ಮಣ್ಣು ತೊಳೆದು ತೋರಿಸಿದವರ ಹೆಸರುಗಳು ನಾನು ಓದಿದ ಯಾವ ಪುಟದಲ್ಲೂ ಇಲ್ಲ. ‘ಈವ್’ನಲ್ಲಿ ಅರಿವೂ ರಕ್ಷಣೆಯೂ ಒಂದೇ ಜಾಗಕ್ಕಾಗಿ ಜಗಳವಾಡುತ್ತವೆ, ಆಯ್ಕೆ ಅಗೆಯುವವನದೇ. ಕೋಲಾರದಲ್ಲಿ ಅರಿವು ಕಂಪನಿಯ ಕಚೇರಿ ಸೇರಿತು, ಅಪಾಯ ಸುರಂಗಕ್ಕಿಳಿದವನ ಪಾಲಿಗೆ ಉಳಿಯಿತು.

ಮೊನ್ನೆ ಗೆಳೆಯನನ್ನು ಮತ್ತೆ ಕೇಳಿದೆ: “ಕೊನೆಗೆ ಸ್ಕ್ಯಾನರ್ ಹಾಕಿದೆಯೇನೋ?” ಶಾಂತವಾದ ಕಡೆ ಹಾಕುತ್ತಾನಂತೆ, ಬೇಟೆಗಾರರು ಓಡಾಡುವ ಕಡೆ ತೆಗೆದು ಕವಚ ಹಾಕಿಕೊಳ್ಳುತ್ತಾನಂತೆ. “ಅಲ್ಲಿ ಬಂಡೆ ಎಷ್ಟು ಉಳಿದಿದೆ ಅನ್ನೋದಕ್ಕಿಂತ ನಾನು ಉಳೀತೀನಾ ಅನ್ನೋದು ಮುಖ್ಯ ಕಣೋ” ಎಂದು ನಕ್ಕ. ಮಾರನೆಯ ದಿನ ನಾನು ಪತ್ರಾಗಾರಕ್ಕೆ ಹೋದಾಗ ಮೊದಲು ತೆಗೆಸಿದ್ದು ಉತ್ಪಾದನೆಯ ಕಡತವನ್ನಲ್ಲ, ಅಪಘಾತಗಳ ಕಡತವನ್ನು.