ಶರಾವತಿ ತೀರದ ಹುಳಿರಸ

ಸಾಗರದಿಂದ ಪಶ್ಚಿಮಾಭಿಮುಖವಾಗಿ ಹೊರಟು ಶರಾವತಿಯ ಹಿನ್ನೀರನ್ನು ದಾಟಿದರೆ ದೊರೆಯುವ ತುಮರಿಯ ಸೀಮೆಯಲ್ಲಿ ಅಡುಗೆಯ ಇತಿಹಾಸವನ್ನು ಬರೆಯಹೊರಡುವವನು ಮೊದಲು ಮಳೆಯ ವಿಷಯವನ್ನು ಹೇಳಬೇಕಾಗುತ್ತದೆ. ಏತಕ್ಕೆಂದರೆ, ಬಯಲುಸೀಮೆಯ ಸಾರಿಗೂ ಗೊಜ್ಜಿಗೂ ಆಧಾರವಾದ ಹುಣಿಸೆಯ ಮರವು ಬಿಸಿಲನ್ನು ಬಯಸತಕ್ಕದ್ದು; ಅತಿವೃಷ್ಟಿಯ ಈ ಕಾಡುಗಳಲ್ಲಿ ಅದು ಧಾರಾಳವಾಗಿ ಫಲಿಸದು. ಆದುದರಿಂದ ಇಲ್ಲಿಯ ಜನರು ತಮ್ಮ ಹುಳಿಯನ್ನು ತಮ್ಮ ನೆಲದಲ್ಲಿಯೇ ಅರಸಿದರು. ಕಾಡು ಅವರಿಗೆ ಮುರುಗಲನ್ನೂ ಉಪ್ಪಾಗೆಯನ್ನೂ ವಾಟೆಯನ್ನೂ ಹೊಳೆಯಂಚಿನ ಅಪ್ಪೆಮಿಡಿಯನ್ನೂ ಕೊಟ್ಟಿತು. ಮನೆಯ ಹಿತ್ತಲೂ ಅಡಕೆಯ ತೋಟದ ಅಂಚೂ ನಿಂಬೆ, ಗಜನಿಂಬೆ, ಕಂಚಿ, ಹೇರಳೆ, ಮಾದಲಗಳನ್ನು ಕೊಟ್ಟವು.

ಈ ಜಂಬೀರಕುಲವು ನಮ್ಮಲ್ಲಿ ಅರ್ವಾಚೀನವಾದುದಲ್ಲ. ಹಿಮಾಲಯದ ಆಗ್ನೇಯ ತಪ್ಪಲು ಅದರ ಮೂಲಸ್ಥಾನವೆಂದೂ, ಮಾದಲ, ಚಕ್ಕೋತ, ಕಿತ್ತಳೆಗಳ ಪೂರ್ವಜಾತಿಗಳ ಸಂಕರದಿಂದಲೇ ಇಂದಿನ ಬಹುಪಾಲು ನಿಂಬೆಜಾತಿಗಳು ಹುಟ್ಟಿದವೆಂದೂ ಸಸ್ಯವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಸಾಗರಕ್ಕೆ ದೂರವಲ್ಲದ ಬಳ್ಳಿಗಾವೆಯು ಕಾಳಾಮುಖರ ವಿದ್ಯಾಕೇಂದ್ರವಾಗಿದ್ದ ಕಾಲದಲ್ಲಿ ಅವರು ಆರಾಧಿಸುತ್ತಿದ್ದ ಲಕುಲೀಶನ ಮೂರ್ತಿಲಕ್ಷಣದಲ್ಲಿ ಒಂದು ಕೈಗೆ ದಂಡವೂ ಮತ್ತೊಂದು ಕೈಗೆ ಮಾತುಲುಂಗವೂ, ಎಂದರೆ ಮಾದಲಫಲವೂ, ವಿಹಿತವಾಗಿದ್ದವು. ಅಡುಗೆಯ ಬರಹವೂ ನಮ್ಮಲ್ಲಿ ಹೊಸತಲ್ಲ: ಸುಮಾರು 1025ರಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದದೊಡನೆ ಸೂಪಶಾಸ್ತ್ರಕ್ಕೂ ಸ್ಥಾನ ದೊರೆಯಿತು, ಹದಿನಾರನೆಯ ಶತಮಾನದಲ್ಲಿ ಮೂರನೆಯ ಮಂಗರಸನು ಪಾಕವನ್ನೇ ವಸ್ತುವಾಗಿಸಿಕೊಂಡು ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆದನು, ಕೆಳದಿಯ ಬಸವಪ್ಪನಾಯಕನು ತನ್ನ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ರಾಜನೀತಿಯೊಡನೆ ಪಾಕವಿದ್ಯೆಯನ್ನೂ ನಿರೂಪಿಸಿದನು. ಒಬ್ಬ ಅರಸನು ಒಲೆಯ ವಿಷಯವನ್ನು ತನ್ನ ಲೇಖನಿಗೆ ತಕ್ಕುದೆಂದು ಬಗೆದದ್ದು ಈ ಮಲೆನಾಡಿನಲ್ಲಿಯೇ ಎಂಬುದು ನನಗೆ ಹೆಮ್ಮೆಯ ಸಂಗತಿ.

ಆದರೆ ಗ್ರಂಥಗಳಿಗಿಂತ ಹೆಚ್ಚಿನದನ್ನು ಉಳಿಸಿದವರು ಮನೆಯ ಹೆಂಗಸರು. ಹವ್ಯಕರ ಅಪ್ಪೆಹುಳಿಯನ್ನೇ ನೋಡಿರಿ. ಅದು ಅಪ್ಪೆಮಿಡಿಯ ಕಾಲದಲ್ಲಿ ಮಾವಿನದಾಗಿಯೂ, ಉಳಿದ ಕಾಲದಲ್ಲಿ ನಿಂಬೆಯದೋ ಕಂಚಿಯದೋ ಆಗಿಯೂ ಸಿದ್ಧವಾಗತಕ್ಕ ತೆಳುವಾದ ಪೇಯ. ನೀರು, ಉಪ್ಪು, ಸೀಳಿದ ಹಸಿಮೆಣಸು, ಚೂರು ಬೆಲ್ಲ. ಕೊನೆಗೆ ಕೊಬ್ಬರಿಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗುಗಳ ಒಗ್ಗರಣೆ. ಬೇಳೆಯಿಲ್ಲ, ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ. ಅನ್ನಕ್ಕೆ ಕಲಸಿಯೂ ಉಣ್ಣಬಹುದು, ಲೋಟದಲ್ಲಿ ತುಂಬಿ ಕುಡಿಯಲೂಬಹುದು. ಕಂಚಿಯ ರಸವನ್ನಾಗಲಿ ನಿಂಬೆಯ ರಸವನ್ನಾಗಲಿ ಒಲೆಯಿಂದ ಪಾತ್ರೆಯನ್ನು ಇಳಿಸಿದ ಮೇಲೆಯೇ ಹಿಂಡಬೇಕೆಂದು, ಹಿಂಡುವಾಗ ಸಿಪ್ಪೆಯ ಒಳಗಿನ ಬಿಳಿಯ ಪದರವನ್ನು ಜಜ್ಜಬಾರದೆಂದು, ಬೀಜವೊಂದೂ ಬೀಳಕೂಡದೆಂದು ಅತ್ತೆಯು ಸೊಸೆಗೆ ಹೇಳಿಕೊಡುತ್ತಿದ್ದ ಕಟ್ಟಳೆಯು ಬರಿಯ ರೂಢಿಯಲ್ಲ. ಆ ಪದರದಲ್ಲಿಯೂ ಬೀಜದಲ್ಲಿಯೂ ಸ್ವತಃ ಕಹಿಯಲ್ಲದ ಒಂದು ದ್ರವ್ಯವಿದ್ದು, ಆಮ್ಲರಸದೊಡನೆ ಬೆರೆತು ಕೆಲಹೊತ್ತು ಕಳೆದ ಬಳಿಕ ಅದು ಲಿಮೋನಿನ್ ಎಂಬ ಕಟುಕಹಿಯಾಗಿ ಪರಿಣಮಿಸುತ್ತದೆ. ಕಾವು ಈ ಪರಿಣಾಮವನ್ನು ತ್ವರೆಗೊಳಿಸುತ್ತದೆ. ಬೆಳಗ್ಗೆ ರುಚಿಯಾಗಿದ್ದ ಸಾರು ಮಧ್ಯಾಹ್ನಕ್ಕೆ ಕಹಿಯಾಗುವುದಕ್ಕೆ ಇದೇ ಕಾರಣ. ಪ್ರಯೋಗಶಾಲೆಯ ನೆರವಿಲ್ಲದೆ, ಎಷ್ಟೋ ತಲೆಮಾರುಗಳ ನಾಲಗೆಯ ಸಾಕ್ಷ್ಯದಿಂದಲೇ ಈ ನಿಯಮವು ಸಿದ್ಧಿಸಿತು. ಸಿಪ್ಪೆಯ ಕಹಿಯನ್ನಾದರೋ ಅವರು ಬಿಸಾಡಲಿಲ್ಲ. ಉಪ್ಪಿನಲ್ಲಿ ಹಾಕಿಟ್ಟು, ಅದು ಮೆತ್ತಗಾಗುವವರೆಗೂ ಕಾದು, ಉಪ್ಪಿನಕಾಯಿಯಾಗಿ ಜಡಿಮಳೆಯ ದಿನಗಳಿಗೆ ಕಾದಿರಿಸಿದರು.

ಈ ಬದುಕಿನ ಮೇಲೆ ನೀರು ಬಂದಿತು. 1948ರಲ್ಲಿ ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸಿದ ಹಿರೇಭಾಸ್ಕರದ ಕಟ್ಟೆ ಮೊದಲನೆಯದು. 1964ರಲ್ಲಿ ಪೂರ್ಣವಾದ ಲಿಂಗನಮಕ್ಕಿಯ ಅಣೆಕಟ್ಟು ಆ ಕಟ್ಟೆಯನ್ನೂ ನುಂಗಿ, ಸಮುದ್ರಮಟ್ಟದಿಂದ 1,819 ಅಡಿಗಳ ಎತ್ತರದವರೆಗೆ ಕಣಿವೆಯನ್ನು ತುಂಬಿತು. ಗದ್ದೆ, ಅಡಕೆಯ ತೋಟ, ಮನೆಯ ಹಿತ್ತಲು ಎಲ್ಲವೂ ಹೋದವು. ಮುಳುಗಡೆಯ ಪರಿಹಾರದ ಲೆಕ್ಕವನ್ನು ನಾವು ಇಂದಿಗೂ ಮಾತಾಡುತ್ತೇವೆ. ಅಜ್ಜಿ ನೆಟ್ಟ ಕಂಚಿಯ ಗಿಡಕ್ಕೆ ಪರಿಹಾರವನ್ನು ಯಾರು ತಾನೆ ಗೊತ್ತುಮಾಡಬಲ್ಲರು? ಅಳಿದುಳಿದ ತುಮರಿಯು ದ್ವೀಪಪ್ರಾಯವಾಗಿ, ಹೊಳೆಬಾಗಿಲಿನ ಲಾಂಚನ್ನು ನಂಬಿ, 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆಯು ತೆರೆಯುವವರೆಗೂ ಕಾದಿತ್ತು.

ಇನ್ನು, ನೀರು ಮುಳುಗಿಸದೆ ಬಿಟ್ಟ ಈ ಹುಳಿಯ ಅಡುಗೆಯು ಇಂದಿನ ಪಥ್ಯಕ್ಕೂ ಒದಗುವ ಮಾತು. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾನಿಲಯದ ಪೀಟರ್ ಗಿಬ್ಸನ್ ಮತ್ತು ಸೂ ಶೆಫರ್ಡ್ ಎಂಬವರು 2005ರಲ್ಲಿ ‘ಫಾಡ್‌ಮ್ಯಾಪ್’ ಎಂಬ ಹೆಸರಿನಲ್ಲಿ ಒಂದು ವರ್ಗದ ಶರ್ಕರಗಳನ್ನು ಒಟ್ಟುಗೂಡಿಸಿದರು. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ, ನೀರನ್ನು ಸೆಳೆದು, ದೊಡ್ಡ ಕರುಳಿನಲ್ಲಿ ಹುದುಗಿ ವಾಯುವನ್ನು ಹುಟ್ಟಿಸುವ ಇವು ಸೂಕ್ಷ್ಮವಾದ ಕರುಳಿನವರಿಗೆ ಹೊಟ್ಟೆಯುಬ್ಬರವನ್ನೂ ನೋವನ್ನೂ ತರುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಬೇಳೆಕಾಳು, ಹಾಲು, ಮಾಗಿದ ಮಾವು ಇವು, ಆ ಶರ್ಕರಗಳನ್ನು ಕಡಿಮೆ ಮಾಡುವ ಪಥ್ಯದ ಮೊದಲ ಘಟ್ಟದಲ್ಲಿ ಮಿತಿಗೊಳ್ಳತಕ್ಕವು. ಅಕ್ಕಿಯೂ ನಿಂಬೆಯ ರಸವೂ ಸಲ್ಲತಕ್ಕವು. ಈ ಪಟ್ಟಿಯನ್ನು ಓದಿದಾಗ ಅಪ್ಪೆಹುಳಿಯೂ ಅನ್ನವೂ ಹೆಚ್ಚುಕಡಿಮೆ ಇದ್ದಂತೆಯೇ ಅದರಲ್ಲಿ ಸೇರುವುದನ್ನು ಕಂಡು ನನಗೆ ಆನಂದವಾಯಿತು. ಆಚಾರಕ್ಕಾಗಿ ಈರುಳ್ಳಿಯನ್ನು ತೊರೆದು ಇಂಗನ್ನು ಹಿಡಿದ ಅಡುಗೆಯು ಆರೋಗ್ಯಕ್ಕಾಗಿ ತೊರೆಯಬೇಕಾದವನಿಗೂ ದಾರಿ ತೋರಿಸುತ್ತದೆ.

ಎಲ್ಲವೂ ಹೀಗೆ ಸುಗಮವೆಂದಲ್ಲ. ಅಂಗಡಿಯ ಇಂಗಿನಲ್ಲಿ ಮೈದಾ ಬೆರೆತಿರುವುದುಂಟು; ಡಬ್ಬಿಯ ಮೇಲಿನ ಬರಹವನ್ನು ಓದಿ ಅಂಟಿನದನ್ನೋ ಅಕ್ಕಿಹಿಟ್ಟಿನದನ್ನೋ ಆರಿಸಬೇಕು. ಬೆಲ್ಲ ಚಿಟಿಕೆಯಷ್ಟಿರಲಿ. ಸೊಪ್ಪನ್ನು ಅರೆದು ಮಾಡುವ ತಂಬುಳಿಯ ಮಜ್ಜಿಗೆ ಒಗ್ಗದವರು ಅದೇ ಸೊಪ್ಪನ್ನು ತುಸು ಕಾಯಿತುರಿಯೊಡನೆ ಅರೆದು ನಿಂಬೆಯಿಂದ ಹುಳಿಗೊಳಿಸಿಕೊಳ್ಳಬಹುದು. ಬೆಳ್ಳುಳ್ಳಿಯಿಲ್ಲದೆ ಊಟವೇ ಸೇರದ ಮನೆಗಳಲ್ಲಿ ಎಸಳನ್ನು ಎಣ್ಣೆಯಲ್ಲಿ ಕಾಯಿಸಿ ತೆಗೆದುಹಾಕಿದರೆ ಪರಿಮಳವು ಉಳಿದು ದೋಷವು ಹೋಗುತ್ತದೆ. ಆ ಶರ್ಕರವು ನೀರಿನಲ್ಲಿ ಕರಗುವುದೇ ಹೊರತು ಎಣ್ಣೆಯಲ್ಲಿ ಕರಗದು. ಎದೆಯುರಿಯುಳ್ಳವರಿಗೆ ಮಾತ್ರ ಹುಳಿಯೇ ಶತ್ರುವಾದೀತು.

ಈ ಪಥ್ಯವನ್ನು ವೈದ್ಯರ ಅಥವಾ ಆಹಾರತಜ್ಞರ ಕಣ್ಣಿನ ಕೆಳಗೆ ಕೆಲವು ವಾರ ಮಾತ್ರ ಬಿಗಿಯಾಗಿ ಪಾಲಿಸಿ, ಬಳಿಕ ಬಿಟ್ಟ ಪದಾರ್ಥಗಳನ್ನು ಒಂದೊಂದಾಗಿ ಮರಳಿ ಪರೀಕ್ಷಿಸಿಕೊಳ್ಳಬೇಕು. ಹಾಗೆ ಹೊರಟ ಮಲೆನಾಡಿನ ಓದುಗರು ಪರದೇಶದ ಪಾಕಪುಸ್ತಕಗಳನ್ನು ತರಿಸುವ ಮುನ್ನ ಊರಿನಲ್ಲಿರುವ ಅತ್ತೆಯನ್ನೋ ದೊಡ್ಡಮ್ಮನನ್ನೋ ಕೇಳಿ, ಕಂಚಿಯ ಅಪ್ಪೆಹುಳಿಯ ಕ್ರಮವನ್ನು ಅಳತೆಸಮೇತ ಬರೆದಿಟ್ಟುಕೊಳ್ಳಲಿ. ಹಿತ್ತಲಿನಲ್ಲಿ ಜಾಗವಿದ್ದವರು ಈ ಮಳೆಗಾಲದಲ್ಲಿಯೇ ಒಂದು ಕಂಚಿಯ ಸಸಿಯನ್ನು ನೆಡಲಿ.